ಐಟಿ ಕಾಂಟ್ರಾಕ್ಟ್ ಮಾಡಿಸೋಕೆ ಜಯನಗರದ ಒಂದು ಲಾಯರ್ ಆಫೀಸು, ನನ್ನ ರಿವ್ಯೂ

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸೋರಿಗೆ ಗೊತ್ತಿರುತ್ತೆ, ದೊಡ್ಡ ಕ್ಲೈಂಟ್ ಸಿಕ್ಕಿದ ಖುಷಿ ಅವ್ರ ಲೀಗಲ್ ಟೀಮಿಂದ ಎಂಎಸ್‌ಎ (ಇಡೀ ಕೆಲಸಕ್ಕೆ ಅನ್ವಯಿಸೋ ಮುಖ್ಯ ಅಗ್ರಿಮೆಂಟು) ಬರೋವರೆಗೆ ಅಷ್ಟೇ, ಆಮೇಲೆ ಪೇಜುಗಟ್ಲೆ ಓದ್ತಾ ಹೋದ್ರೆ ಎಲ್ಲಾ ಕಡೆ ನಾವೇ ಕೊಡ್ಬೇಕು, ನಾವೇ ಹೊಣೆ, ನಾವೇ ಕಟ್ಟಬೇಕು. ಅದಕ್ಕೆ ಈ ಆಫೀಸಿಗೆ ಹೋಗಿದ್ದು. ಒಬ್ರು ಮೇಡಂ, ಜೊತೆಗೆ ಒಬ್ಬ ಜೂನಿಯರ್, ಐಟಿ ಅಗ್ರಿಮೆಂಟ್ ಬಿಟ್ರೆ ಬೇರೆ ಕೇಸ್ ಮುಟ್ಟಲ್ಲ.

ನೇರವಾಗಿ ಹೇಳ್ಬೇಕಂದ್ರೆ ಡ್ರಾಫ್ಟಿಂಗ್ ಪರವಾಗಿಲ್ಲ, ನೆಗೋಷಿಯೇಷನ್ ಮಾತ್ರ ಸಖತ್. ಯಾವುದಕ್ಕೆ ಹಟ ಹಿಡೀಬೇಕು, ಯಾವುದನ್ನ ಸುಮ್ನೆ ಬಿಟ್ಟುಕೊಡ್ಬೇಕು ಅನ್ನೋದು ಇವ್ರಿಗೆ ಚೆನ್ನಾಗಿ ಗೊತ್ತು. ನಾವು ರೆಡ್‌ಲೈನ್ ಮಾಡ್ಕೊಂಡು, ಅಂದ್ರೆ ಬದಲಾಯಿಸ್ಬೇಕು ಅಂತ ಗುರುತು ಹಾಕ್ಕೊಂಡು ಹೋಗಿದ್ದ ಅರ್ಧಕ್ಕರ್ಧ ಜಾಗಗಳನ್ನ ಅವ್ರೇ ವಾಪಸ್ ತೆಗೆದ್ರು, "ಇದ್ರ ಮೇಲೆ ಯಾರೂ ಕೋರ್ಟಿಗೆ ಹೋಗಲ್ಲ ಬಿಡಿ" ಅಂತ. ಓದೋಕೆ ಶುರು ಮಾಡೋದೂ ಹಿಂದಿನಿಂದ, ಮೊದಲು ಎಸ್‌ಒಡಬ್ಲ್ಯು (ಮಾಡ್ಬೇಕಾದ ಕೆಲಸದ ವಿವರ), ಅನೆಕ್ಶರ್ (ಕೊನೆಗೆ ಸೇರಿಸಿರೋ ಪುಟಗಳು), ಆಮೇಲೆ ಮುಂದಿನ ಪೇಜು, ಯಾಕಂದ್ರೆ ಗಲಾಟೆ ಏನಿದ್ರೂ ಕೆಲಸ ಏನು, ಯಾವಾಗ ಮುಗೀತು ಅನ್ನೋದ್ರಲ್ಲೇ ಆಗೋದು. ನಮ್ಮ ಡ್ರಾಫ್ಟಲ್ಲಿ ಕ್ಲೈಂಟಿಗೆ ತೃಪ್ತಿ ಆದ್ಮೇಲೆ ಪೇಮೆಂಟ್ ಅಂತಿತ್ತು. ತೃಪ್ತಿ ಯಾವಾಗ ಆಗುತ್ತೆ ಸ್ವಾಮಿ? ಅದನ್ನ ಕಿತ್ತಾಕಿ, ಡೆಲಿವರಿ ಆಗಿ 10 ವರ್ಕಿಂಗ್ ಡೇಸ್ ಒಳಗೆ ಏನೇನು ತಪ್ಪಿದೆ ಅಂತ ಬರವಣಿಗೆಯಲ್ಲಿ ಹೇಳ್ದಿದ್ರೆ ಒಪ್ಪಿದ ಹಾಗೆ ಅಂತ ಮಾಡಿಸಿದ್ರು.

ಕ್ಲೈಂಟ್ 90 ದಿನಕ್ಕೆ ಪೇಮೆಂಟ್ ಅಂದಿದ್ರು. ಮೇಡಂ ಮೊದಲು ಕೇಳಿದ್ದು ಉದ್ಯಮ್ ರಿಜಿಸ್ಟ್ರೇಷನ್ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ನೋಂದಣಿ) ಇದ್ಯಾ ಅಂತ. ನಮ್ಮಂಥ ಸಣ್ಣ ಕಂಪನಿಗೆ ಅದಿದ್ರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಅಗ್ರಿಮೆಂಟಲ್ಲಿ ಏನೇ ಬರ್ಕೊಂಡ್ರೂ 45 ದಿನ ದಾಟೋ ಹಾಗಿಲ್ಲ, ದಾಟಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರರಷ್ಟು ಬಡ್ಡಿ, ಅದೂ ಚಕ್ರಬಡ್ಡಿ. ಕ್ಲೈಂಟ್ ಜೊತೆ ಫೋನ್ ಕಾಲಲ್ಲಿ ಮೇಡಂ ಇದನ್ನ ಜಗಳದ ದನಿಯಲ್ಲಿ ಹೇಳಲಿಲ್ಲ, "ನಿಮ್ಮ ಫೈನಾನ್ಸ್ ಟೀಮಿಗೂ ಟ್ಯಾಕ್ಸಲ್ಲಿ ತೊಂದ್ರೆ, ಲೇಟ್ ಮಾಡಿ ವರ್ಷ ದಾಟ್ಸಿದ್ರೆ ಆ ವರ್ಷ ಖರ್ಚು ತೋರ್ಸೋಕಾಗಲ್ಲ" ಅಂದ್ರು, ಆ ಕಡೆಯವ್ರು ತಕ್ಷಣ ಒಪ್ಪಿಬಿಟ್ರು.

ಜಾಸ್ತಿ ಹೊತ್ತು ಹಿಡಿದಿದ್ದು ಲಯಬಿಲಿಟಿ ಕ್ಲಾಜು, ಅಂದ್ರೆ ನಷ್ಟ ಆದ್ರೆ ನಾವು ಎಷ್ಟರವರೆಗೆ ಹೊಣೆ ಅನ್ನೋ ಷರತ್ತು. ಕ್ಲೈಂಟಿಗೆ ಬೇಕಿದ್ದಿದ್ದು ಅನ್‌ಲಿಮಿಟೆಡ್. 2023ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯಲ್ಲಿ ಸೆಕ್ಯುರಿಟಿ ಸರಿಯಾಗಿ ನೋಡ್ಕೊಳ್ಳದೆ ಡೇಟಾ ಸೋರಿದ್ರೆ ದಂಡ 250 ಕೋಟಿವರೆಗೆ ಹೋಗ್ಬಹುದು, ಆ ದಂಡ ಬೀಳೋದು ಡೇಟಾ ಯಾರ ಹತೋಟಿಯಲ್ಲಿದೆಯೋ ಆ ಕ್ಲೈಂಟ್ ಮೇಲೆ, ಅದಕ್ಕೇ ಅವ್ರು ಇಂಡೆಮ್ನಿಟಿ (ಅವ್ರಿಗಾದ ನಷ್ಟ ನಾವು ತುಂಬಿಕೊಡೋದು) ಹೆಸರಲ್ಲಿ ಅದನ್ನ ನಮ್ಮ ತಲೆಗೆ ಕಟ್ಟೋಕೆ ನೋಡೋದು. ಇದನ್ನ ಮೇಡಂ ವೈಟ್‌ಬೋರ್ಡ್ ಮೇಲೆ ಬರೆದು ತೋರಿಸ್ದಾಗ್ಲೇ ನಂಗೆ ಆ ಕಡೆಯವ್ರ ಭಯ ಅರ್ಥ ಆಗಿದ್ದು. ಕೊನೆಗೆ ಸಾಮಾನ್ಯ ಹೊಣೆಗೆ 12 ತಿಂಗಳ ಫೀಸಿನಷ್ಟು ಕ್ಯಾಪ್ (ಗರಿಷ್ಠ ಮಿತಿ), ಡೇಟಾ ಬ್ರೀಚಿಗೆ ಬೇರೆ, ಸ್ವಲ್ಪ ದೊಡ್ಡ ಕ್ಯಾಪ್, ಬೇಕಂತ ಮಾಡಿದ ಮೋಸಕ್ಕೆ ಮಾತ್ರ ಕ್ಯಾಪ್ ಇಲ್ಲ ಅಂತ ಸೆಟ್ಲ್ ಆಯ್ತು. ಅಪ್‌ಟೈಮ್ (ಸಿಸ್ಟಮ್ ನಿಲ್ಲದೆ ನಡೀಬೇಕಾದ ಹೊತ್ತು) ವಿಷಯಕ್ಕೂ ಅಷ್ಟೇ, 99.9 ಪರ್ಸೆಂಟ್ ಅಂದ್ರೆ ತಿಂಗಳಿಗೆ ಸುಮಾರು 43 ನಿಮಿಷ ಡೌನ್ ಇರ್ಬಹುದು, 99.99 ಅಂದ್ರೆ ನಾಲ್ಕೇ ನಿಮಿಷ ಚಿಲ್ಲರೆ, ನಮ್ಮ ಟೀಮಿಗೆ ರಾತ್ರಿ ಎದ್ದು ಲ್ಯಾಪ್‌ಟಾಪ್ ತೆಗೆಯೋಕೇ ಅಷ್ಟು ಬೇಕು. ಸೇಲ್ಸ್‌ನವ್ರು ಇನ್ನೊಂದು ಒಂಬತ್ತು ಸೇರ್ಸಿದ್ರೆ ಏನಂತೆ ಅಂತಿದ್ರು, ಆಮೇಲೆ ಬಾಯಿ ಮುಚ್ಕೊಂಡ್ರು.

ಇನ್ನೊಂದು, ಕೋಡ್ ಓನರ್‌ಶಿಪ್ ಬರ್ದುಕೊಡೋ ಮುಂಚೆ ನಮ್ಮ ಫ್ರೀಲಾನ್ಸರ್‌ಗಳ ಪೇಪರ್ ಕೇಳಿದ್ರು. ಎಂಪ್ಲಾಯಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿದು, ಫ್ರೀಲಾನ್ಸರ್ ಬರೆದಿದ್ದು ಅವ್ನು ಬರವಣಿಗೆಯಲ್ಲಿ ಕೊಡೋವರೆಗೂ ಅವಂದೇ. ಅದ್ರಲ್ಲೂ ಅವಧಿ ಬರೀದಿದ್ರೆ 5 ವರ್ಷಕ್ಕೆ, ಜಾಗ ಬರೀದಿದ್ರೆ ಇಂಡಿಯಾಗೆ ಮಾತ್ರ ಅಂತ ಕಾಪಿರೈಟ್ ಕಾಯ್ದೆನೇ ಹೇಳುತ್ತೆ. ನೆಟ್ಟಲ್ಲಿ ಫ್ರೀಯಾಗಿ ಸಿಗೋ ಅಮೆರಿಕದ ಟೆಂಪ್ಲೇಟಲ್ಲಿ ಇದೆಲ್ಲ ಎಲ್ಲಿರುತ್ತೆ?

ಈಗ ಬೇಜಾರಿನ ವಿಷಯ. ಲೇಟು. ನಾಳೆ ಅಂದ್ರೆ ವಾರದ ಕೊನೆ ಅಂತ ತಿಳ್ಕೊಳ್ಳಿ, ಕ್ವಾರ್ಟರ್ ಎಂಡಲ್ಲಿ ಸೈನ್ ಆಗ್ಬೇಕು ಅಂತ ಕ್ಲೈಂಟ್ ಕುಣೀತಿದ್ರೆ ಬಿಪಿ ಏರುತ್ತೆ. ಬರೆಯೋ ಇಂಗ್ಲಿಷ್ ಕೂಡ ಹಳೇ ಕಾಲದ್ದು, ಒಂದು ವಾಕ್ಯ ಮುಗಿಯೋದ್ರೊಳಗೆ ಶುರುವಾಗಿದ್ದು ಎಲ್ಲಿ ಅಂತ ಮರ್ತೋಗುತ್ತೆ, ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಎಸ್‌ಎಲ್‌ಎ (ಅಪ್‌ಟೈಮ್ ಥರದ ಸರ್ವಿಸ್ ಮಟ್ಟದ ಷರತ್ತು) ಭಾಗ ಅರ್ಥ ಆಗ್ದೆ ಫೋನ್ ಮಾಡಿ ಹೇಳಿಸ್ಕೊಂಡ್ರು. ಸ್ಟಾಂಪ್ ಡ್ಯೂಟಿ, ಪ್ರಿಂಟು, ಸೈನು ಇವೆಲ್ಲ ನಿಮ್ಮ ತಲೆನೋವು.

ಫೀಸು ಅಗ್ರಿಮೆಂಟಿಗೆ ಇಷ್ಟು ಅಂತ ಫಿಕ್ಸು, ಅದ್ರಲ್ಲಿ ಎರಡು ರೌಂಡ್ ರೆಡ್‌ಲೈನ್ ಮತ್ತೆ ಒಂದು ಕಾಲ್, ಅದಕ್ಕಿಂತ ಜಾಸ್ತಿ ಆದ್ರೆ ಗಂಟೆ ಲೆಕ್ಕ, ಮೊದಲೇ ಕೇಳ್ಕೊಳ್ಳಿ. ಬರೀ ಎನ್‌ಡಿಎಗೆ (ಗುಟ್ಟು ಕಾಪಾಡೋ ಅಗ್ರಿಮೆಂಟು) ಹೋಗೋದು ದುಡ್ಡು ದಂಡ. ಅಮೆರಿಕದ ಡೆಲವೇರ್ ರಾಜ್ಯದ ಕಾನೂನು, ಲಂಡನ್ ಆರ್ಬಿಟ್ರೇಷನ್ (ಕೋರ್ಟ್ ಬದಲು ಮಧ್ಯಸ್ಥರ ತೀರ್ಪು) ಅಂತ ಇದ್ರೆ ಅವ್ರೇ ನಂಗೆ ಗೊತ್ತಿಲ್ಲ, ಅಲ್ಲಿಯವ್ರನ್ನ ಕೇಳಿ ಅಂತಾರೆ, ಅದು ನಂಗೆ ಇಷ್ಟ ಆಯ್ತು. ಐದಕ್ಕೆ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಪೂರ್ತಿ ಲೇಟ್ ಮಾಡಿದ್ದಕ್ಕೆ.