ಅಗ್ಗದ ಟಿವಿ ಬಾಕ್ಸ್‌ನಲ್ಲಿ ಆರ್ಮ್‌ಬಿಯನ್: ನೆರವು ಎಲ್ಲಿಯವರೆಗೆ?

ಆಮ್‌ಲಾಜಿಕ್ ಎಸ್905ಎಕ್ಸ್ ಚಿಪ್ಪಿನ ಅಗ್ಗದ ಟಿವಿ ಬಾಕ್ಸ್‌ನಲ್ಲಿ ಸಣ್ಣ ಕಂಪ್ಯೂಟರ್ ಬೋರ್ಡುಗಳಿಗೆಂದು ರೂಪಿಸಿದ ಆರ್ಮ್‌ಬಿಯನ್ ಲಿನಕ್ಸ್ ಒಮ್ಮೆ ಬೂಟ್ ಆಯಿತೆಂದರೆ, ಫೈಲ್ ಸರ್ವರ್‌ನಂತಹ ಹಗುರ ಕೆಲಸಗಳನ್ನು ಅಚ್ಚುಕಟ್ಟಾಗಿ ನಿಭಾಯಿಸುತ್ತದೆ. ತೊಡಕಿರುವುದು ಅದಕ್ಕೆ ಮೊದಲು. ಎಸ್‌ಡಿ ಕಾರ್ಡ್‌ನ ಬೂಟ್ ಕಡತದಲ್ಲಿ ಬಾಕ್ಸ್‌ನೊಳಗಿನ ಬೋರ್ಡಿಗೆ ಹೊಂದುವ ಡಿವೈಸ್ ಟ್ರೀ ಫೈಲಿನ (ಬೋರ್ಡಿನಲ್ಲಿ ಯಾವ ಯಾವ ಯಂತ್ರಾಂಶವಿದೆಯೆಂದು ಲಿನಕ್ಸ್‌ಗೆ ತಿಳಿಸುವ ಕಡತ) ಹೆಸರನ್ನು ನಾವೇ ಬರೆಯಬೇಕು. ಅದು ತಪ್ಪಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಒಂದೇ ಹೆಸರಿನಲ್ಲಿ ಮಾರಾಟವಾಗುವ ಬಾಕ್ಸ್‌ಗಳೊಳಗೆ ವೈಫೈ ಚಿಪ್, ಮೆಮೊರಿ, ಕೆಲವೊಮ್ಮೆ ಪ್ರೊಸೆಸರ್ ಕೂಡ ಬೇರೆಬೇರೆಯಾಗಿರುವುದರಿಂದ, ಒಬ್ಬರಿಗೆ ಫಲಿಸಿದ ಉಪಾಯ ಇನ್ನೊಬ್ಬರಿಗೂ ಫಲಿಸುವ ಭರವಸೆಯಿಲ್ಲ. ಆರ್ಮ್‌ಬಿಯನ್ ಯೋಜನೆ ಟಿವಿ ಬಾಕ್ಸ್‌ಗಳನ್ನು ಅಧಿಕೃತ ಬೆಂಬಲದ ಹೊರಗಿಟ್ಟು ಸಮುದಾಯಕ್ಕೆ ಬಿಟ್ಟಿರುವುದನ್ನು ನಾನಂತೂ ಆಕ್ಷೇಪಿಸಲಾರೆ. ತಯಾರಕರೇ ಸಾಮಾನ್ಯವಾಗಿ ದಾಖಲೆ ಕೊಡದ ಯಂತ್ರಕ್ಕೆ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರಿಂದ ಖಚಿತ ಪರಿಹಾರ ನಿರೀಕ್ಷಿಸುವುದು ಅನ್ಯಾಯ. ಸೀರಿಯಲ್ ಕನ್ಸೋಲ್ (ಬೋರ್ಡಿನ ಸಂದೇಶಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೋರಿಸುವ ತಂತಿ ಸಂಪರ್ಕ) ಜೋಡಿಸಿ ಬೂಟ್ ಲಾಗ್, ಅಂದರೆ ಬೂಟ್ ಆಗುವಾಗಿನ ಸಂದೇಶಗಳನ್ನು, ಓದಬಲ್ಲವರು ಇಂಥ ಬಾಕ್ಸ್ ಅನ್ನು ಧಾರಾಳವಾಗಿ ಕೊಳ್ಳಲಿ. ಉಳಿದವರಿಗೆ, ಬೆಲೆ ಹೆಚ್ಚಾದರೂ, ಆರ್ಮ್‌ಬಿಯನ್‌ನ ಅಧಿಕೃತ ಬೆಂಬಲವಿರುವ ಕಂಪ್ಯೂಟರ್ ಬೋರ್ಡೇ ವಾಸಿ.