60,000 ರೂಪಾಯಿಯೊಳಗಿನ ಗೇಮಿಂಗ್ ಕಂಪ್ಯೂಟರ್: ರೈಜೆನ್ 5 5600 ಮತ್ತು ಆರ್‌ಎಕ್ಸ್ 6600 ಜೋಡಿಯ ವಿಮರ್ಶೆ

ಮಾನಿಟರ್, ಕೀಬೋರ್ಡ್ ಬಿಟ್ಟು ಕ್ಯಾಬಿನೆಟ್‌ನೊಳಗಿನ ಸಾಮಾನಿಗಷ್ಟೇ ಸುಮಾರು 60,000 ರೂಪಾಯಿ ಇಟ್ಟುಕೊಂಡು ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ನಾನು ಈಗಲೂ ಮೊದಲು ಹೇಳುವುದು ಎಎಂಡಿಯ ರೈಜೆನ್ 5 5600 ಪ್ರೊಸೆಸರ್ ಮತ್ತು ಅದೇ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡಿನ ಜೋಡಿಯನ್ನು. ಎರಡೂ ಹೊಸ ಸರಕಲ್ಲ. ಕಾರ್ಡು ಮಾರುಕಟ್ಟೆಗೆ ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಪ್ರೊಸೆಸರ್ ಬಂದದ್ದು 2022ರ ಏಪ್ರಿಲ್‌ನಲ್ಲಿ. ಆದರೂ ಇವುಗಳನ್ನು ಮುಂದಿಡಲು ಕಾರಣವಿದೆ. ಕಡಿಮೆ ಹಣದಲ್ಲಿ ಜೋಡಿಸಿದ ಕಂಪ್ಯೂಟರ್ ಸೋಲುವುದು ಯಾವುದೋ ಒಂದು ಭಾಗ ದುರ್ಬಲವಾಗಿದೆ ಎಂಬುದರಿಂದಲ್ಲ. ಎರಡು ಮೂರು ಕಡೆ ಮಾಡಿದ ಉಳಿತಾಯಗಳು ಒಂದೇ ಜಾಗದಲ್ಲಿ ಬಂದು ಸೇರಿಕೊಂಡಾಗ. ಈ ಜೋಡಿಯಲ್ಲಿ ಆ ತೊಂದರೆ ಇಲ್ಲ.

ಮೊದಲು ಕೆಲಸದ ಮಾತು. 5600ರಲ್ಲಿ 6 ಕೋರ್‌ಗಳು, 12 ಥ್ರೆಡ್‌ಗಳು, 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ಅತಿ ವೇಗದ ಮೆಮೊರಿ) ಇದ್ದು, ವೇಗ 4.4 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಕಾರ್ಡಿನಲ್ಲಿ 8 ಜಿಬಿ ಮೆಮೊರಿ ಇದೆ. ಅದು ಬೇಡುವ ವಿದ್ಯುತ್ತು 132 ವ್ಯಾಟ್ ಮಾತ್ರ. ಮನೆಯಲ್ಲಿ ಬಳಸಿದ ಅನುಭವದಿಂದ ಹೇಳುವುದಾದರೆ, 1080ಪಿ ಮಾನಿಟರಿನಲ್ಲಿ ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2ರಂತಹ ಸ್ಪರ್ಧಾತ್ಮಕ ಗೇಮ್‌ಗಳು 144 ಹರ್ಟ್ಸ್ (ಸೆಕೆಂಡಿಗೆ 144 ಬಾರಿ ಚಿತ್ರ ಬದಲಿಸುವ) ಪರದೆಗೆ ತಕ್ಕ ವೇಗದಲ್ಲೇ ಓಡುತ್ತವೆ; ಕಥೆ ಆಧಾರಿತ ದೊಡ್ಡ ಗೇಮ್‌ಗಳಲ್ಲಿ ಹೆಚ್ಚಿನವು ಸೆಟ್ಟಿಂಗನ್ನು ಸ್ವಲ್ಪ ತಗ್ಗಿಸಿದರೆ ಸೆಕೆಂಡಿಗೆ 60 ಫ್ರೇಮ್‌ಗಿಂತ ಕೆಳಗಿಳಿಯುವುದಿಲ್ಲ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ನೆರಳು, ಪ್ರತಿಫಲನ ಮೂಡಿಸುವ ವಿಧಾನ) ಈ ಕಾರ್ಡಿನ ಶಕ್ತಿಯಲ್ಲ, ಅದನ್ನು ನಂಬಿ ಕೊಳ್ಳಬಾರದು. ಆದರೆ 2025ರ ಡೂಮ್: ದ ಡಾರ್ಕ್ ಏಜಸ್‌ನಂತಹ ಗೇಮ್‌ಗಳು ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದ ಕಾರ್ಡಿನಲ್ಲಿ ತೆರೆದುಕೊಳ್ಳುವುದೇ ಇಲ್ಲವಾದ್ದರಿಂದ, ದುರ್ಬಲವಾಗಿಯಾದರೂ ಅದು ಇದೆ ಎಂಬುದಕ್ಕೆ ಬೆಲೆಯಿದೆ. ಅಗ್ಗಕ್ಕೆ ಸಿಗುವ ಹಳೆಯ ಆರ್‌ಎಕ್ಸ್ 580, ಜಿಟಿಎಕ್ಸ್ 1660 ಕಾರ್ಡುಗಳಲ್ಲಿ ಅಷ್ಟೂ ಇಲ್ಲ.

ಉಳಿತಾಯಗಳು ಒಂದೇ ಜಾಗದಲ್ಲಿ ಸೇರಿಕೊಳ್ಳುತ್ತವೆ ಎಂದೆನಲ್ಲ, ಅದನ್ನು ತುಸು ಬಿಡಿಸಿ ಹೇಳಬೇಕು. ಗ್ರಾಫಿಕ್ಸ್ ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಮಾಹಿತಿ ಓಡಾಡುವುದು ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐಇ) ಲೇನ್‌ಗಳೆಂಬ ದಾರಿಗಳ ಮೂಲಕ. ಮದರ್‌ಬೋರ್ಡಿನ ಉದ್ದನೆಯ ಸ್ಲಾಟಿನಲ್ಲಿ 16 ಲೇನ್‌ಗಳಿದ್ದರೂ ಕಡಿಮೆ ಬೆಲೆಯ ಕಾರ್ಡುಗಳು ಅಷ್ಟನ್ನೂ ಬಳಸುವುದಿಲ್ಲ: ಆರ್‌ಎಕ್ಸ್ 6600 ಬಳಸುವುದು 8, ಅದಕ್ಕಿಂತ ಅಗ್ಗದ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ಬರೀ 4. ಪಿಸಿಐಇ 4.0ರಲ್ಲಿ ಒಂದು ಲೇನ್ ಸೆಕೆಂಡಿಗೆ ಸುಮಾರು 2 ಜಿಬಿ ಸಾಗಿಸುತ್ತದೆ, ಹಿಂದಿನ 3.0ರಲ್ಲಿ ಅದರ ಅರ್ಧ. ಈಗ ಹಣ ಉಳಿಸಲೆಂದು ಒಬ್ಬರು 6500 ಎಕ್ಸ್‌ಟಿ ಕಾರ್ಡನ್ನು, ಜೊತೆಗೆ 3.0ಕ್ಕೆ ಸೀಮಿತವಾದ ಎ520 ಮದರ್‌ಬೋರ್ಡನ್ನು ಆರಿಸಿಕೊಂಡರು ಎನ್ನೋಣ. ಕಾರ್ಡಿನ 4 ಜಿಬಿ ಮೆಮೊರಿ ಇಂದಿನ ಗೇಮ್‌ಗಳಲ್ಲಿ ಬೇಗ ತುಂಬಿಹೋಗುತ್ತದೆ, ತುಂಬಿದ ಮೇಲೆ ಉಳಿದ ಚಿತ್ರಗಳನ್ನು ಕಂಪ್ಯೂಟರಿನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕಾಗುತ್ತದೆ, ತರುವ ದಾರಿಯ ಅಗಲವೋ ಸೆಕೆಂಡಿಗೆ 4 ಜಿಬಿ ಮಾತ್ರ. ಮೇಲಿಂದ ರ‍್ಯಾಮ್ ಕೂಡ ಒಂದೇ ಸ್ಟಿಕ್ ಆಗಿದ್ದರೆ ಅದರ ವೇಗವೂ ಅರ್ಧ. ಒಂದೊಂದಾಗಿ ನೋಡಿದರೆ ಸಣ್ಣದೆನಿಸುವ ಈ ಮೂರು ಕೊರತೆಗಳು ಸೇರಿ, ಗೇಮ್ ತಡವರಿಸಿ ತಡವರಿಸಿ ಓಡುವಂತೆ ಮಾಡುತ್ತವೆ. ಅದೇ ಆರ್‌ಎಕ್ಸ್ 6600ರಲ್ಲಿ ಮೆಮೊರಿ 8 ಜಿಬಿ ಇರುವುದರಿಂದ ರ‍್ಯಾಮ್ ಕಡೆಗೆ ಓಡುವ ಪ್ರಸಂಗವೇ ಕಡಿಮೆ; 5600ನ್ನು ಬಿ550 ಬೋರ್ಡಿನಲ್ಲಿ ಕೂರಿಸಿದರೆ 8 ಲೇನ್‌ಗಳೂ 4.0 ವೇಗದಲ್ಲೇ ದುಡಿಯುತ್ತವೆ. ಬಿ450 ಬೋರ್ಡು ಈಗಾಗಲೇ ಮನೆಯಲ್ಲಿದ್ದರೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಹೊಸದು ಮಾಡಿಕೊಂಡು ಅದನ್ನೇ ಬಳಸಬಹುದು, 6600ರ ಮಟ್ಟಿಗೆ 3.0ರಿಂದಾಗುವ ನಷ್ಟ ಅಲ್ಪ. ಹೊಸದಾಗಿ ಕೊಳ್ಳುವವರು ಮಾತ್ರ ಬಿ550ಕ್ಕಿಂತ ಕೆಳಗಿಳಿಯಬೇಕಾಗಿಲ್ಲ.

ಅಂಗಡಿಯವರು 5600ರ ಬದಲಿಗೆ 5500 ಅಥವಾ 5600ಜಿ ತೋರಿಸುವುದು ಸಾಮಾನ್ಯ. "ಅದೂ ಆರು ಕೋರ್, ಇದೂ ಆರು ಕೋರ್" ಎಂಬ ಮಾತು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಆ ಎರಡರಲ್ಲೂ ಎಲ್3 ಕ್ಯಾಶ್ 16 ಎಂಬಿ ಮಾತ್ರ, ಎರಡೂ ಪಿಸಿಐಇ 3.0ರಲ್ಲೇ ನಿಂತಿವೆ, ಹೀಗಾಗಿ ಬಿ550 ಬೋರ್ಡಿಗೆ ಕೊಟ್ಟ ಹೆಚ್ಚಿನ ಹಣ ಅಲ್ಲಿಗೇ ವ್ಯರ್ಥ. ಈಗ ಕಾರ್ಡಿಗೆ ಹಣವೇ ಇಲ್ಲ, ಒಂದು ವರ್ಷ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ನಲ್ಲೇ ಕಾಲ ತಳ್ಳಬೇಕು ಎನ್ನುವವರಿಗೆ 5600ಜಿ ಸರಿಯಾದ ಆಯ್ಕೆ. ಉಳಿದವರಿಗೆ ಅಲ್ಲ.

ಪ್ರತಿಸ್ಪರ್ಧಿಗಳನ್ನೂ ನೋಡಬೇಕು. ಇಂಟೆಲ್‌ನ ಕೋರ್ ಐ5-12400ಎಫ್ ಸರಿಸಾಟಿ ಪ್ರೊಸೆಸರ್. ಆ ದಿನದ ಬೆಲೆಯಲ್ಲಿ ಅದು ಅಗ್ಗವಾಗಿ ಸಿಕ್ಕರೆ ಹಿಂಜರಿಯಬೇಕಾಗಿಲ್ಲ. ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 2024ರಲ್ಲಿ ಬಂದ 6 ಜಿಬಿ ಎಂದು ಎರಡು ಮಾದರಿಗಳಿವೆ. ಎರಡನೆಯದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ನಿಧಾನ, ಆರ್‌ಎಕ್ಸ್ 6600ರ ಹತ್ತಿರಕ್ಕೂ ಬರುವುದಿಲ್ಲ. 70 ವ್ಯಾಟ್‌ನಲ್ಲಿ, ಪ್ರತ್ಯೇಕ ವಿದ್ಯುತ್ ತಂತಿ ಇಲ್ಲದೆ ಕೆಲಸ ಮಾಡುವುದರಿಂದ ಕಚೇರಿಯ ಹಳೆಯ ಕಂಪ್ಯೂಟರಿಗೆ ಜೀವ ಕೊಡಲು ಮಾತ್ರ ಅದು ಚೆನ್ನ. ನಿಜವಾದ ಆಕರ್ಷಣೆ ಇಂಟೆಲ್ ಆರ್ಕ್ ಬಿ580ರದ್ದು. 2024ರ ಡಿಸೆಂಬರ್‌ನಲ್ಲಿ 12 ಜಿಬಿ ಮೆಮೊರಿಯೊಂದಿಗೆ ಬಂದ ಈ ಕಾರ್ಡು ಕಾಗದದ ಮೇಲೆ 6600ನ್ನು ಸುಲಭವಾಗಿ ಮೀರಿಸುತ್ತದೆ. ಆದರೆ ಅದರ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹಾಕುತ್ತದೆಂಬುದೂ, 5600ರಂತಹ ಪ್ರೊಸೆಸರಿನ ಜೊತೆಯಲ್ಲಿ ಕೆಲವು ಗೇಮ್‌ಗಳಲ್ಲಿ ಅದರ ವೇಗ ಗಣನೀಯವಾಗಿ ಕುಸಿಯುತ್ತದೆಂಬುದೂ 2025ರ ಆರಂಭದಲ್ಲೇ ಪರೀಕ್ಷೆಗಳಲ್ಲಿ ಕಂಡುಬಂತು. ನಂತರದ ಡ್ರೈವರ್‌ಗಳು ಕೆಲವೆಡೆ ಇದನ್ನು ಸರಿಪಡಿಸಿವೆ. ಹೊಸ ಪ್ರೊಸೆಸರ್ ಇರುವವರು ಅದನ್ನು ಕೊಳ್ಳಲಿ. ಈ ಬಜೆಟ್ಟಿನ ಪ್ರೊಸೆಸರಿಗೆ ಅದು ಹೊಂದುವ ಜೋಡಿಯಲ್ಲ ಎಂಬುದು ನನ್ನ ಅಭಿಪ್ರಾಯ.

ರ‍್ಯಾಮ್ ವಿಷಯದಲ್ಲಿ ಹಿಂದಿನ ಲೆಕ್ಕಗಳೆಲ್ಲ ತಲೆಕೆಳಗಾಗಿವೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯ ಕಡೆಗೆ ಮೆಮೊರಿ ತಯಾರಕರು ತಿರುಗಿಕೊಂಡ ಪರಿಣಾಮವಾಗಿ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆಗಳು ಜಿಗಿದವು. ಮೈಕ್ರಾನ್ ಕಂಪನಿಯಂತೂ ಆ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಘೋಷಿಸಿತು. 5600 ಕೂರುವ ಎಎಂ4 ಸಾಕೆಟ್ಟಿನ ಬೋರ್ಡುಗಳು ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಬಳಸುವುದರಿಂದ ಹಳೆಯ ಕಂಪ್ಯೂಟರಿನ ಸ್ಟಿಕ್‌ಗಳನ್ನು ಇಲ್ಲಿ ಮರುಬಳಕೆ ಮಾಡಬಹುದು, ಸದ್ಯದ ಪರಿಸ್ಥಿತಿಯಲ್ಲಿ ಇದೇ ಈ ಪ್ಲಾಟ್‌ಫಾರ್ಮಿನ ದೊಡ್ಡ ಅನುಕೂಲ. ಹೊಸದಾಗಿ ಕೊಳ್ಳುವುದಾದರೆ 16 ಜಿಬಿಯ ಒಂದು ಸ್ಟಿಕ್ ಬೇಡ, 8 ಜಿಬಿಯ ಎರಡು ಇರಲಿ. ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹೆಸರಿರುವ ಕಂಪನಿಯ ಯಾವುದೇ ಎನ್‌ವಿಎಂಇ ಸಾಕು. ಕ್ಯಾಬಿನೆಟ್ಟಿಗೆ ಮುಂದೆ ಜಾಲರಿ ಇದ್ದು ಗಾಳಿಯಾಡಿದರೆ ಆಯಿತು, ಬಣ್ಣದ ದೀಪಗಳು ಅವರವರ ಇಷ್ಟ.

ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಲ್ಲಿ) ಮಾತ್ರ ಚೌಕಾಸಿ ಬೇಡ. ಕ್ಯಾಬಿನೆಟ್ ಜೊತೆ ಉಚಿತವಾಗಿಯೋ ಅತಿ ಕಡಿಮೆ ಬೆಲೆಗೋ ಬರುವ "500 ವ್ಯಾಟ್" ಡಬ್ಬಿಯ ಪಕ್ಕದ ಚೀಟಿಯನ್ನು ಓದಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ಎಂದು ನೋಡಿ 12ರಿಂದ ಗುಣಿಸಬೇಕು. ಅಲ್ಲಿ 18 ಎಂದಿದ್ದರೆ ಪ್ರೊಸೆಸರಿಗೂ ಕಾರ್ಡಿಗೂ ನಿಜವಾಗಿ ಸಿಗುವುದು 216 ವ್ಯಾಟ್. ಈ ಜೋಡಿಗೆ ಆ ಲೆಕ್ಕದಲ್ಲಿ ಉಸಿರಾಡಲೂ ಜಾಗವಿರುವುದಿಲ್ಲ, ಏಕೆಂದರೆ 132 ವ್ಯಾಟ್ ಕಾರ್ಡೊಂದೇ ನುಂಗುತ್ತದೆ, ಪ್ರೊಸೆಸರ್ 76 ವ್ಯಾಟ್‌ವರೆಗೆ ಎಳೆಯಬಲ್ಲದು. ಈ ಕಾರ್ಡಿಗೆ ಎಎಂಡಿ ಹೇಳುವುದು ಕನಿಷ್ಠ 450 ವ್ಯಾಟ್. ಒಳ್ಳೆಯ ತಯಾರಕರ 550 ವ್ಯಾಟ್ ತೆಗೆದುಕೊಂಡರೆ ಮುಂದೆ ಕಾರ್ಡು ಬದಲಿಸಿದಾಗಲೂ ಅದೇ ನಡೆಯುತ್ತದೆ. 80 ಪ್ಲಸ್ ಮುದ್ರೆ ವಿದ್ಯುತ್ ಎಷ್ಟು ಪೋಲಾಗುವುದಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಒಳಗಿನ ರಕ್ಷಣಾ ವ್ಯವಸ್ಥೆಯ ಗುಣಮಟ್ಟವನ್ನಲ್ಲ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಕೂಡ ಲೆಕ್ಕಕ್ಕೆ ಸೇರಬೇಕು. 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ತಾಳುವುದು 360 ವ್ಯಾಟ್ ಆಸುಪಾಸು. ಈ ಕಂಪ್ಯೂಟರೂ ಮಾನಿಟರೂ ಸೇರಿ ಅದರೊಳಗೇ ಇರುತ್ತವೆ, ಗೇಮ್ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ.

ಬೆಂಗಳೂರಿನವರು ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗುವುದೇ ವಾಡಿಕೆ. ಅಲ್ಲಿ ಆನ್‌ಲೈನ್ ಬೆಲೆಯನ್ನು ಫೋನಿನಲ್ಲಿ ತೋರಿಸಿ ಮಾತಾಡಬಹುದು, ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಜೋಡಿಸಿಯೂ ಕೊಡುತ್ತಾರೆ. "ಬಿಲ್ ಬೇಡವಾದರೆ ಕಡಿಮೆ ಮಾಡಿ ಕೊಡುತ್ತೇನೆ" ಎಂಬ ಮಾತಿಗೆ ಒಪ್ಪಬಾರದು, ಶೇ. 18 ಜಿಎಸ್‌ಟಿ ಕೈಬಿಟ್ಟಂತೆ ಕಂಡರೂ ವಾರಂಟಿ ಕೇಳುವ ದಿನ ಸೀರಿಯಲ್ ಸಂಖ್ಯೆ ಇರುವ ಬಿಲ್ಲೇ ಆಧಾರ. ಡಬ್ಬಿಯಿಲ್ಲದೆ ಬಿಡಿಯಾಗಿ ಬರುವ ಟ್ರೇ ಪ್ರೊಸೆಸರ್ ಅಗ್ಗವಿದ್ದರೂ ಅದಕ್ಕಿರುವುದು ಅಂಗಡಿಯವರ ಭರವಸೆ ಮಾತ್ರ; ಡಬ್ಬಿಯದಕ್ಕೆ ಎಎಂಡಿಯ 3 ವರ್ಷದ ವಾರಂಟಿ ಇದ್ದು, ಕೂಲರ್ ಕೂಡ ಒಳಗೇ ಬರುತ್ತದೆ. ಬೇಸಿಗೆಯಲ್ಲಿ ಆ ಕೂಲರ್ ಸದ್ದು ಮಾಡುತ್ತದೆಂಬುದು ನಿಜ, ಆದರೆ ಮೊದಲ ದಿನವೇ ಬದಲಿಸುವ ಅಗತ್ಯ ನನಗೆ ಕಾಣಲಿಲ್ಲ.

ಈ ಜೋಡಿಯ ದೊಡ್ಡ ಕೊರತೆ ಮುಂದಿನ ದಾರಿಯದು. 2022ರಲ್ಲಿ ಎಎಂ5 ಎಂಬ ಹೊಸ ಸಾಕೆಟ್ ಬಂದ ಮೇಲೆ ಎಎಂಡಿಯ ಹೊಸ ತಲೆಮಾರಿನ ಪ್ರೊಸೆಸರ್‌ಗಳೆಲ್ಲ ಅದಕ್ಕೇ ಬರುತ್ತಿವೆ. ಎಎಂ4ರಲ್ಲಿ ಇನ್ನು ಮೇಲಕ್ಕೆ ಹೋದರೆ 8 ಕೋರ್‌ಗಳ 5700ಎಕ್ಸ್‌ನಿಂದ 16 ಕೋರ್‌ಗಳ 5950ಎಕ್ಸ್‌ವರೆಗೆ, ಅಷ್ಟೆ. ಬಜೆಟ್ಟನ್ನು ಇನ್ನೊಂದು 20,000 ಹಿಗ್ಗಿಸಬಲ್ಲವರು, ವಿಡಿಯೊ ಎಡಿಟಿಂಗ್ ಕೂಡ ಮಾಡುವವರು, 1440ಪಿ ಮಾನಿಟರ್ ಇರುವವರು ಎಎಂ5 ಕಡೆಗೇ ಹೋಗಲಿ.

ಜೋಡಿಸಿದ ಮೇಲೆ ಅಂಗಡಿಯಿಂದ ಹೊರಡುವ ಮುನ್ನ ಬಯೋಸ್ ತೆರೆಸಿ ಕೆಲವನ್ನು ಖಚಿತಪಡಿಸಿಕೊಳ್ಳಬೇಕು. ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200 ವೇಗದ ರ‍್ಯಾಮ್ ಬಹುತೇಕ ಕಿಟ್‌ಗಳಲ್ಲಿ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಸ್ಟಿಕ್‌ಗಳು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಎರಡೂ ಬೇಕು. ಟಿಪಿಎಂ ಚಾಲೂ ಇದ್ದಾಗ ಆಗಾಗ ಕ್ಷಣಕಾಲ ನಿಲ್ಲುವ ಸಮಸ್ಯೆಯನ್ನು ಎಎಂಡಿ 2022ರಲ್ಲಿ ಒಪ್ಪಿಕೊಂಡು ಹೊಸ ಬಯೋಸ್‌ನಲ್ಲಿ ಪರಿಹರಿಸಿದೆಯಾದ್ದರಿಂದ ಬೋರ್ಡಿನ ಬಯೋಸ್ ಅದಕ್ಕಿಂತ ಈಚಿನದಾಗಿರಲಿ. ಮಾನಿಟರ್ ಕೇಬಲ್ ಸಿಕ್ಕಿಸಬೇಕಾದದ್ದು ಕಾರ್ಡಿಗೆ, ಮದರ್‌ಬೋರ್ಡಿಗಲ್ಲ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲದ ಕಾರಣ ಅಲ್ಲಿ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 144 ಹರ್ಟ್ಸ್ ಆರಿಸದಿದ್ದರೆ ಮಾನಿಟರ್ 60ರಲ್ಲೇ ಉಳಿಯಬಹುದು, ಅದನ್ನೂ ಅಲ್ಲೇ ನೋಡಿಕೊಂಡು, ಖಾಲಿ ಡಬ್ಬಿಗಳನ್ನೆಲ್ಲ ಬಿಲ್ ಸಮೇತ ಮನೆಗೆ ತರಬೇಕು.