ಸ್ಟೀಲ್ ಕ್ಯಾಂಡಲ್ ಫಿಲ್ಟರ್: ವರ್ಷಗಟ್ಟಲೆ ಬಳಸಿ ಬರೆಯುತ್ತಿರುವ ವಿಮರ್ಶೆ

ನಮ್ಮದು ಎರಡು ಅಂತಸ್ತಿನ ಸ್ಟೀಲ್ ಫಿಲ್ಟರ್. ಮೇಲಿನ ಪಾತ್ರೆಯಲ್ಲಿ ಎರಡು ಬಿಳಿ ಸೆರಾಮಿಕ್ ಕ್ಯಾಂಡಲ್, ಕೆಳಗಿನದಕ್ಕೆ ಒಂದು ನಲ್ಲಿ. ಕರೆಂಟ್ ಬೇಡ, ಪ್ಲಂಬರ್ ಬೇಡ. ಚಿಕ್ಕಮಗಳೂರಿನ ಮಳೆಗಾಲ ನೋಡಿದವರಿಗೆ ಇದರ ಬೆಲೆ ಗೊತ್ತು. ಗಾಳಿಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಗೋಡೆಗೆ ಹಾಕಿದ ಆರ್‌ಒ ಮಷೀನು ಆಗ ಸುಮ್ನೆ ನೇತಾಡುತ್ತಿರುತ್ತದೆ. ಈ ಫಿಲ್ಟರಿಗೆ ಮೇಲೆ ನೀರು ತುಂಬಿಸಿದರೆ ಸಾಕು, ಬೆಳಿಗ್ಗೆ ಕುಡಿಯಲು ನೀರು ಇರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆದರೆ ಇದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕಾದ ಮಾತು ಒಂದಿದೆ. ಎಲ್ಲರೂ ಕ್ಯಾಂಡಲ್ ಉಜ್ಜುತ್ತಾರೆ, ಕೆಳಗಿನ ಪಾತ್ರೆಯನ್ನು ಮರೆತುಬಿಡುತ್ತಾರೆ. ನಾವು ಕುಡಿಯುವ ನೀರು ನಿಲ್ಲುವುದು ಅಲ್ಲಿ, ಅಲ್ವಾ? ನಗರಸಭೆಯ ನೀರಿನಲ್ಲಿ ಇರುವ ಅಷ್ಟಿಷ್ಟು ಕ್ಲೋರಿನ್ ಕೂಡ ನೀರು ತೊಟ್ಟಿಕ್ಕಿ ನಿಲ್ಲುವಷ್ಟರಲ್ಲಿ ಹಾರಿ ಹೋಗಿರುತ್ತದೆ. ಆಮೇಲೆ ಆ ನೀರಿಗೆ ಕಾವಲು ಯಾರೂ ಇಲ್ಲ. ಪಾತ್ರೆಯ ತಳದ ಅಂಚಿನಲ್ಲಿ ಒಮ್ಮೆ ಬೆರಳು ಆಡಿಸಿ ನೋಡಿ. ಜಾರಿದಂತಾದರೆ ಅದು ಲೋಳೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಲೋಳೆ ಇದ್ದ ಪಾತ್ರೆಯ ನೀರು ಒಳ್ಳೆಯದಲ್ಲ.

ನಾವು ವಾರಕ್ಕೊಮ್ಮೆ ಕೆಳಗಿನ ಪಾತ್ರೆಯನ್ನು ಪೂರ್ತಿ ಖಾಲಿ ಮಾಡುತ್ತೇವೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ, ಚೆನ್ನಾಗಿ ಜಾಲಿಸಿ, ಕೊನೆಗೆ ಕುದಿಯುವ ನೀರು ಹಾಕಿ ಸುತ್ತಲೂ ಆಡಿಸಿ ಚೆಲ್ಲುತ್ತೇವೆ. ಕುದಿಯುವ ನೀರು ಕೆಳಗಿನ ಪಾತ್ರೆಗೆ ಮಾತ್ರ. ಆಮೇಲೆ ಅಡುಗೆಮನೆಯ ಬಟ್ಟೆಯಲ್ಲಿ ಒರೆಸಬೇಡಿ, ತೊಳೆದದ್ದೆಲ್ಲ ವ್ಯರ್ಥ. ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಒಲೆಯ ಪಕ್ಕ ಮಗುಚಿ ಇಡಿ. ನಲ್ಲಿಯನ್ನು ತಿಂಗಳಿಗೊಮ್ಮೆ ಬಿಚ್ಚಲೇಬೇಕು. ರಬ್ಬರ್ ವಾಷರಿನ ಹಿಂದೆ, ತಿರುಪಿನ ಸುತ್ತಿನ ಸಂದಿಯಲ್ಲಿ ಕಪ್ಪಗೆ ಕಟ್ಟಿಕೊಂಡಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಬೇಡ, ಹೊಸದೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ನಮ್ಮ ಕಡೆ ಕುಡಿಯುವ ನೀರಿಗೆ ಲಾವಂಚದ ಬೇರು ಹಾಕುವ ಅಭ್ಯಾಸ ಕೆಲವರಿಗಿದೆ. ವಾಸನೆ ಬಹಳ ಚೆನ್ನ, ನನಗೂ ಇಷ್ಟ. ಆದರೆ ಬೇರನ್ನು ಫಿಲ್ಟರಿನೊಳಗೆ ಹಾಕಬೇಡಿ, ಹೂಜಿಗೆ ಹಾಕಿಕೊಳ್ಳಿ. ಒಳಗೆ ಕೊಳೆಯುವ ವಸ್ತು ಯಾವುದೂ ಇರಬಾರದು.

ಕ್ಯಾಂಡಲ್ ವಿಷಯ. ಅದರ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಹಾಗಾಗಿ ಮಣ್ಣು ಹೊರಮೈಗೇ ಅಂಟಿಕೊಳ್ಳುತ್ತದೆ. ನೀರು ಇಳಿಯುವುದು ನಿಧಾನವಾಯಿತೆಂದರೆ ಕ್ಯಾಂಡಲ್ ಹಾಳಾಗಿದೆ ಎಂದಲ್ಲ, ಅದು ತನ್ನ ಕೆಲಸ ಮಾಡಿದೆ ಎಂದು. ಸೋಪು ಹಚ್ಚಲೇಬಾರದು. ಆ ಸಣ್ಣ ರಂಧ್ರಗಳಿಗೆ ಹೋದ ಸೋಪು ಬೇಗ ಬಿಡುವುದಿಲ್ಲ, ನೀರಿಗೆ ರುಚಿ ಬರುತ್ತದೆ. ಸ್ಟೀಲ್ ಸ್ಕ್ರಬ್ಬರ್ ಕೂಡ ಬೇಡ. ಮೆತ್ತನೆಯ ಬ್ರಷ್ ಹಿಡಿದು, ಹರಿಯುವ ನೀರಿನ ಕೆಳಗೆ ಹಗುರವಾಗಿ ಉಜ್ಜಿದರೆ ಕಂದು ಪದರ ಹೋಗಿ ಬಿಳಿ ಕಾಣುತ್ತದೆ. ಉಜ್ಜುವಾಗ ಕೆಳಗಿನ ಕೊಳವೆಯ ಬಾಯಿಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳಿ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಹೊರಗಿನ ಕೊಳೆ ನೀರು ಆ ಬಾಯಿಯಿಂದ ಒಳಗೆ ಹೋದರೆ ನೇರವಾಗಿ ಶುದ್ಧ ನೀರಿನ ಕಡೆಗೇ ಸೇರಿದಂತೆ.

ತಿರುಗಿ ಕೂರಿಸುವಾಗ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ. ಇಕ್ಕಳ ಹಿಡಿದು ತಿರುಗಿಸಿದರೆ ಕ್ಯಾಂಡಲಿನ ಬುಡ ಬಿರುಕು ಬಿಡುತ್ತದೆ. ಬಿರುಕು ಕಣ್ಣಿಗೆ ಕಾಣದಿರಬಹುದು, ಆದರೆ ಪತ್ತೆ ಹಚ್ಚುವುದು ಸುಲಭ. ಮೇಲಿನ ಪಾತ್ರೆಗೆ ನೀರು ತುಂಬಿ, ಅದನ್ನು ಸ್ವಲ್ಪ ಎತ್ತಿ ಹಿಡಿದು ಕೆಳಗಿನಿಂದ ನೋಡಿ. ಎರಡೂ ಕ್ಯಾಂಡಲಿನಿಂದ ಹನಿ ಹನಿಯಾಗಿ ಬೀಳಬೇಕು. ಒಂದರಿಂದ ಧಾರೆಯಾಗಿ ಸುರಿದರೆ ವಾಷರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕ್ಯಾಂಡಲ್ ಒಡೆದಿದೆ. ಫಿಲ್ಟರ್ ಇದ್ದಕ್ಕಿದ್ದಂತೆ ಜೋರಾಗಿ ತುಂಬಲು ಶುರುವಾದರೆ ಖುಷಿಪಡಬೇಡಿ, ತಕ್ಷಣ ಇದನ್ನು ನೋಡಿ.

ನಮ್ಮ ಊರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಯಗಚಿ ನದಿಯಿಂದ. ಬೇಸಿಗೆಯಲ್ಲಿ ಕ್ಯಾಂಡಲ್ ಹೆಚ್ಚು ಕೊಳೆಯಾಗುವುದಿಲ್ಲ. ಜೂನ್ ಬಂತೆಂದರೆ ಕಥೆ ಬೇರೆ. ತೋಟದ ಮನೆಗಳಲ್ಲಿ ಗುಡ್ಡದ ಒರತೆಯಿಂದ ಪೈಪಿನಲ್ಲಿ ನೀರು ತರುವವರಿಗಂತೂ ಕೆಮ್ಮಣ್ಣಿನ ನೀರೇ ಬರುತ್ತದೆ. ಅದನ್ನು ನೇರ ಫಿಲ್ಟರಿಗೆ ಸುರಿಯಬೇಡಿ. ಹಂಡೆಯಲ್ಲಿ ರಾತ್ರಿಯಿಡೀ ಬಿಟ್ಟು, ಗಸಿ ಕದಡದಂತೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿ. ಇಷ್ಟು ಮಾಡಿದರೆ ಕ್ಯಾಂಡಲಿನ ಆಯುಸ್ಸು ಎಷ್ಟೋ ಹೆಚ್ಚುತ್ತದೆ. ಪ್ರತಿ ಸಲ ಉಜ್ಜಿದಾಗಲೂ ಅದರ ಮೈ ಒಂದಿಷ್ಟು ಸವೆಯುತ್ತದೆ ಎಂಬುದು ನೆನಪಿರಲಿ.

ಈ ಫಿಲ್ಟರಿಗೆ ಆಗದ ಕೆಲಸಗಳೂ ಇವೆ, ಅವನ್ನು ಮುಚ್ಚಿಡಬಾರದು. ನೀರಿನ ಗಡಸುತನ ಇದರಿಂದ ಹೋಗುವುದಿಲ್ಲ. ಫ್ಲೋರೈಡ್ ಹೋಗುವುದಿಲ್ಲ. ಕಡೂರಿನ ಕಡೆ ಬೋರ್‌ವೆಲ್ ನೀರು ಕುಡಿಯುವವರು ಮೊದಲು ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ ಮಾತ್ರ 2000ದವರೆಗೆ ಒಪ್ಪುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದರೆ ಕ್ಯಾಂಡಲ್ ಫಿಲ್ಟರಿನ ಮೇಲೆ ಹಣ ಹಾಕಬೇಡಿ. ಇನ್ನು ವೈರಸ್. ಬ್ಯಾಕ್ಟೀರಿಯಾಕ್ಕಿಂತ ಅವು ಎಷ್ಟೋ ಸಣ್ಣವು, ಕ್ಯಾಂಡಲನ್ನು ದಾಟಿ ಹೋಗುತ್ತವೆ. ಕಾಮಾಲೆ ತರುವ ಹೆಪಟೈಟಿಸ್ ಎ ಅಂಥದ್ದೇ. ಮಳೆಗಾಲದಲ್ಲಿ, ಮನೆಯಲ್ಲಿ ಮಗುವೋ ವಯಸ್ಸಾದವರೋ ಇದ್ದರೆ, ನೀರು ಕುದಿಸಲೇಬೇಕು.

ಬಹಳ ಮನೆಗಳಲ್ಲಿ ಮೊದಲು ಕುದಿಸಿ, ಆರಿಸಿ, ಆಮೇಲೆ ಫಿಲ್ಟರಿಗೆ ಹಾಕುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು. ಕುದಿಸಿದ ನೀರನ್ನು ಮತ್ತೆ ಕ್ಯಾಂಡಲ್, ಪಾತ್ರೆ, ನಲ್ಲಿ ಎಲ್ಲ ದಾಟಿಸುವುದು ಯಾಕೆ? ಮೊದಲು ಸೋಸಿ. ಆಮೇಲೆ ಕುದಿಸಿ, ಒಂದು ನಿಮಿಷ ಚೆನ್ನಾಗಿ ಮರಳಲಿ. ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಬಳಸಿ. ಬಿಸಿ ನೀರನ್ನು ಕ್ಯಾಂಡಲ್ ಮೇಲೆ ಸುರಿದರೆ ಅದು ಸೀಳುವ ಭಯವೂ ಇದೆ.

ನನಗೆ ಬೇಸರ ತಂದದ್ದು ಎರಡು. ಫಿಲ್ಟರಿನ ಜೊತೆ ಬಂದ ಪ್ಲಾಸ್ಟಿಕ್ ನಲ್ಲಿ ಬೇಗ ಸೋರಲು ಶುರುವಾಯಿತು. ಪಾತ್ರೆ ಅಂಗಡಿಯಿಂದ ಸ್ಟೀಲ್ ನಲ್ಲಿ ತಂದು ಹಾಕಿದ ಮೇಲೆ ತೊಂದರೆ ಇಲ್ಲ. ಇನ್ನೊಂದು, ಕೆಳಗಿನ ಪಾತ್ರೆ ತುಂಬಿದ್ದು ಹೊರಗಿನಿಂದ ಕಾಣುವುದಿಲ್ಲ. ಅದು ಗೊತ್ತಾಗದೆ ಮೇಲೆ ನೀರು ಸುರಿದರೆ ಎರಡು ಪಾತ್ರೆ ಸೇರುವ ಜಾಗದಿಂದ ಉಕ್ಕಿ ಕಟ್ಟೆಯೆಲ್ಲ ನೀರಾಗುತ್ತದೆ. ಒಂದು ಸ್ಟಾರ್ ಕಳೆದದ್ದು ಇವೆರಡಕ್ಕೆ.

ಊರಿಗೆ ಹೋಗಿ ಕೆಲವು ದಿನ ಮನೆ ಬೀಗ ಹಾಕುವುದಿದ್ದರೆ ಎರಡೂ ಪಾತ್ರೆ ಖಾಲಿ ಮಾಡಿ, ಕ್ಯಾಂಡಲ್ ಬಿಚ್ಚಿ ಗಾಳಿಗೆ ಒಣಗಿಸಿಟ್ಟು ಹೋಗಿ. ನಾವು ಕ್ಯಾಂಡಲನ್ನು ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಬದಲಿಸುತ್ತೇವೆ. ಒಳಗೆ ಇದ್ದಿಲು ಇರುವ ಬಗೆಯಾದರೆ ಅಷ್ಟು ದಿನ ಕಾಯಬೇಡಿ, ಇದ್ದಿಲಿನ ಗುಣ ಬೇಗ ಮುಗಿಯುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಕ್ಯಾಂಡಲನ್ನು ಜೊತೆಗೇ ಒಯ್ಯಿರಿ. ಉದ್ದ ಮತ್ತು ತಿರುಪಿನ ಸುತ್ತು ಎರಡೂ ಹೊಂದಬೇಕು. ಹೊಸದನ್ನು ಕೆಲವು ಗಂಟೆ ನೀರಿನಲ್ಲಿ ನೆನೆಸಿ ಹಾಕಿ, ಮೊದಲ ಎರಡು ಸಲದ ನೀರನ್ನು ಗಿಡಗಳಿಗೆ ಸುರಿಯಿರಿ.